ವ್ಯಾಪಾರದ ಜಾಗದಲ್ಲಿ ಬಿದ್ದು ಗಾಯಗೊಂಡರೆ: ಕೊಡಗಿನಲ್ಲಿ ಪರಿಹಾರ ಪಡೆಯುವ ಸಮಗ್ರ ಮಾರ್ಗದರ್ಶಿ

ಮಡಿಕೇರಿಯ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಂಸ್ಟೇಗಳ ಕಲ್ಲಿನ ಮೆಟ್ಟಿಲಿಗೆ ಪಾಚಿ ಹಿಡಿದಿರುತ್ತದೆ, ಹೋಟೆಲಿನ ಬಾಗಿಲಲ್ಲಿ ಕೊಡೆಗಳಿಂದ ಇಳಿದ ನೀರು ನುಣುಪಾದ ಟೈಲ್ಸ್ ಮೇಲೆ ನಿಂತಿರುತ್ತದೆ, ಕರೆಂಟು ಹೋದ ಹೊತ್ತಿನಲ್ಲಿ ಕಲ್ಯಾಣ ಮಂಟಪದ ಹಿಂಬದಿಯ ಮೆಟ್ಟಿಲು ಕಣ್ಣಿಗೇ ಬೀಳುವುದಿಲ್ಲ. ಇಂಥ ಕಡೆ ಜಾರಿ ಅಥವಾ ಎಡವಿ ಬಿದ್ದು ಕೈಕಾಲು ಮುರಿದುಕೊಂಡ ಅನೇಕರು ಗ್ರಹಚಾರವೆಂದು ಸುಮ್ಮನಾಗುತ್ತಾರೆ. ಅಂಗಡಿಯವರು ಪರಿಚಯದವರೋ ದೂರದ ನೆಂಟರೋ ಆಗಿದ್ದರಂತೂ ಬಾಯಿ ತೆರೆಯುವುದೇ ಇಲ್ಲ. ಈ ಸಂಕೋಚಕ್ಕೆ ತೆರಬೇಕಾದ ಬೆಲೆ ದೊಡ್ಡದು. ಸೊಂಟದ ಮೂಳೆ ಮುರಿದ ಹಿರಿಯರೊಬ್ಬರ ಶಸ್ತ್ರಚಿಕಿತ್ಸೆ, ಆರೈಕೆ ಮತ್ತು ಓಡಾಟದ ಖರ್ಚು ಒಂದು ಕುಟುಂಬದ ವರ್ಷದ ಉಳಿತಾಯವನ್ನೇ ನುಂಗಿಬಿಡಬಹುದು. ಕಾನೂನು ಇಂಥವರ ನೆರವಿಗೆ ಇದೆ, ಆದರೆ ಅದು ಸಾಕ್ಷ್ಯ ಕೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಸಾಕ್ಷ್ಯ ಒಂದು ಮಳೆಗೆ ತೊಳೆದುಹೋಗುತ್ತದೆ, ಇಲ್ಲವೇ ಮಾರನೆಯ ದಿನ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ ಮೇಲೆ ಕಾಣೆಯಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಮೊದಲ ಕೆಲವು ದಿನಗಳ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಾಲೀಕರ ಹೊಣೆ ಎಲ್ಲಿಯವರೆಗೆ

ಬಿದ್ದ ಮಾತ್ರಕ್ಕೆ ಪರಿಹಾರದ ಹಕ್ಕು ಹುಟ್ಟುವುದಿಲ್ಲ. ಗಿರಾಕಿಗಳನ್ನು ಒಳಗೆ ಕರೆದು ವ್ಯಾಪಾರ ಮಾಡುವವರು ಆ ಜಾಗವನ್ನು ನ್ಯಾಯವಾಗಿ ನಿರೀಕ್ಷಿಸಬಹುದಾದಷ್ಟು ಸುರಕ್ಷಿತವಾಗಿ ಇಟ್ಟಿರಬೇಕು ಎಂಬುದು ಮೊದಲ ಅಂಶ. ಆ ಎಚ್ಚರಿಕೆಯಲ್ಲಿ ಅವರು ತಪ್ಪಿದರು, ಆ ತಪ್ಪಿನಿಂದಲೇ ನೀವು ಬಿದ್ದಿರಿ, ಬಿದ್ದುದರಿಂದ ಇಂತಿಷ್ಟು ನಷ್ಟವಾಯಿತು ಎಂಬ ಮೂರನ್ನು ನೀವು ತೋರಿಸಬೇಕು. ಪಕ್ಕದ ಮೇಜಿನವರು ಆ ಕ್ಷಣದಲ್ಲಿ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಜಾರಿದರೆ ಮಾಲೀಕರನ್ನು ದೂರುವುದು ಕಷ್ಟ, ಏಕೆಂದರೆ ಅದನ್ನು ತಿಳಿದು ಒರೆಸಲು ಅವರಿಗೆ ಸಮಯವೇ ಇರಲಿಲ್ಲ. ವಾರಗಟ್ಟಲೆ ಬೆಳೆದ ಪಾಚಿ, ತಿಂಗಳುಗಳಿಂದ ಅಲುಗಾಡುತ್ತಿರುವ ಚಪ್ಪಡಿ, ಕೈಹಿಡಿಯೇ ಇಲ್ಲದ ಕಡಿದಾದ ಮೆಟ್ಟಿಲು, ಒಂದು ಮೆಟ್ಟಿಲು ಮಾತ್ರ ಉಳಿದವುಗಳಿಗಿಂತ ಎತ್ತರವಾಗಿರುವುದು, ಇವೆಲ್ಲ ಹಾಗಲ್ಲ. ಅವು ಅಲ್ಲಿದ್ದುದು ಮಾಲೀಕರಿಗೆ ಗೊತ್ತಿತ್ತು, ಇಲ್ಲವೇ ಗೊತ್ತಿರಬೇಕಿತ್ತು. ನಿಮ್ಮ ಪ್ರಕರಣದ ಬಲ ನಿಂತಿರುವುದು ಈ 'ಗೊತ್ತಿರಬೇಕಿತ್ತು' ಎಂಬುದರ ಮೇಲೆ. ಆದ್ದರಿಂದ ಆ ದೋಷ ಎಷ್ಟು ದಿನಗಳಿಂದ ಇತ್ತು ಎಂದು ಹೇಳಬಲ್ಲ ಒಬ್ಬರಾದರೂ ಸಾಕ್ಷಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

'ನಿಮ್ಮ ಸ್ವಂತ ಜವಾಬ್ದಾರಿಯಲ್ಲಿ ಬಳಸಿ' ಎಂಬ ಫಲಕ ಕಂಡು ಎದೆಗುಂದಬೇಕಿಲ್ಲ. ಹೋಟೆಲಿನ ವಶಕ್ಕೆ ಕೊಟ್ಟ ಅತಿಥಿಯ ಕಾರು ಕಳವಾದ ಪ್ರಕರಣವೊಂದರಲ್ಲಿ, ತನ್ನ ಮತ್ತು ತನ್ನ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆಯನ್ನು ಹೋಟೆಲ್ ಇಂಥ ಷರತ್ತಿನ ಮೂಲಕ ಕಳಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದೇ ವರ್ಷದ ಇನ್ನೊಂದು ತೀರ್ಪು ನಮಗೆ ಇನ್ನೂ ಹತ್ತಿರದ್ದು. ಕೋವಳಂನಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲೊಂದರ ಈಜುಕೊಳದಲ್ಲಿ 2006ರಲ್ಲಿ ಅತಿಥಿಯೊಬ್ಬರು ಮುಳುಗಿ ಸತ್ತಿದ್ದರು; ಜೀವರಕ್ಷಕನಿಗೆ ಬಾರ್ ಕೆಲಸವನ್ನೂ ವಹಿಸಲಾಗಿತ್ತು. ಕುಟುಂಬಕ್ಕೆ 62.5 ಲಕ್ಷ ರೂಪಾಯಿ ಕೊಡಬೇಕೆಂಬ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎಚ್ಚರಿಕೆಯ ಫಲಕಕ್ಕೆ ಬೆಲೆಯೇ ಇಲ್ಲವೆಂದಲ್ಲ. 'ನೆಲ ಒದ್ದೆಯಾಗಿದೆ' ಎಂಬ ಹಳದಿ ಫಲಕ ಕಣ್ಣೆದುರೇ ಇದ್ದರೂ ಫೋನು ನೋಡುತ್ತ ನಡೆದು ಬಿದ್ದವರ ಪಾಲಿನ ತಪ್ಪನ್ನು ನ್ಯಾಯಾಲಯ ಪ್ರಮಾಣಕ್ಕೆ ತಕ್ಕಂತೆ ಪರಿಹಾರದಿಂದ ಕಳೆಯಬಹುದು.

ಹಂತ 1: ಚಿಕಿತ್ಸೆ, ಮತ್ತು ವೈದ್ಯರಿಗೆ ಹೇಳುವ ಮಾತು

ಮೊದಲು ಆಸ್ಪತ್ರೆ. ನೋವು ಸ್ವಲ್ಪವೇ ಇದೆಯೆಂದು ಮನೆಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡು ನಾಲ್ಕು ದಿನ ಕಳೆದರೆ, ಆ ನಾಲ್ಕು ದಿನಗಳಲ್ಲಿ ಮತ್ತೆಲ್ಲೋ ಬಿದ್ದಿರಿ ಎಂದು ವಾದಿಸಲು ಎದುರು ಪಕ್ಷಕ್ಕೆ ದಾರಿಯಾಗುತ್ತದೆ.

ವೈದ್ಯರು 'ಹೇಗಾಯಿತು' ಎಂದು ಕೇಳಿದಾಗ ಗಾಬರಿಯಲ್ಲಿ 'ಬಿದ್ದೆ' ಎಂದಷ್ಟೇ ಹೇಳುವುದು ಸಹಜ, ಚೀಟಿಯಲ್ಲೂ ಅಷ್ಟೇ ದಾಖಲಾಗುತ್ತದೆ. ಯಾವ ಊರಿನ ಯಾವ ಹೋಟೆಲಿನಲ್ಲಿ, ಎಷ್ಟು ಗಂಟೆಗೆ, ಯಾವುದರ ಮೇಲೆ ಜಾರಿದ್ದು ಎಂಬುದನ್ನು ಹೇಳಿ, ಅದನ್ನು ಬರೆದುಕೊಳ್ಳುವಂತೆ ವಿನಯದಿಂದ ಕೇಳಿ. ಘಟನೆ ನಡೆದ ಕೂಡಲೇ, ಪರಿಹಾರದ ಯೋಚನೆ ಬರುವ ಮುಂಚೆಯೇ ಬರೆಸಿದ ಆ ಒಂದು ಸಾಲಿಗೆ ಮುಂದೆ ಹತ್ತು ಪುಟದ ಅಫಿಡವಿಟ್‌ಗಿಂತ ಹೆಚ್ಚು ತೂಕವಿರುತ್ತದೆ. ಮೂಳೆ ಮುರಿದಿದ್ದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲಿಸಲು ಕೇಳಬಹುದು. ಹಾಗೆ ಮಾಡಿದರೆ ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಮುಂದೆ ಗಾಯದ ಪ್ರಮಾಣಪತ್ರವೂ ಸಿಗುತ್ತದೆ.

ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಿಂದಲೋ ತಾಲ್ಲೂಕು ಆಸ್ಪತ್ರೆಯಿಂದಲೋ ಮೈಸೂರಿಗೆ ಅಥವಾ ಮಂಗಳೂರಿಗೆ ಕಳಿಸಿದರೆ, ಕಳಿಸಿದ ಚೀಟಿ, ಆಂಬುಲೆನ್ಸ್ ರಸೀದಿ ಮತ್ತು ಮೊದಲ ಎಕ್ಸ್‌ರೇ ಜೋಪಾನವಾಗಿರಲಿ. ದೊಡ್ಡ ಆಸ್ಪತ್ರೆಯಲ್ಲಿ ಹೊಸ ಎಕ್ಸ್‌ರೇ ತೆಗೆದರೆಂದು ಹಳೆಯದನ್ನು ಅಲ್ಲೇ ಬಿಟ್ಟು ಬರಬೇಡಿ.

ಹಂತ 2: ಜಾಗವೇ ಸಾಕ್ಷಿ

ಗಾಯಾಳುವಿನ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಲಿ, ಇನ್ನೊಬ್ಬರು ಬಿದ್ದ ಜಾಗದಲ್ಲೇ ಉಳಿಯಲಿ. ಫೋಟೊಗಳನ್ನು ಮೂರು ದೂರದಿಂದ ತೆಗೆಯಬೇಕು: ಅಂಗಡಿಯ ಹೆಸರಿನ ಫಲಕವೂ ಕಾಣುವಂತೆ ದೂರದಿಂದ ಒಂದು, ಬಿದ್ದವರು ನಡೆದು ಬಂದ ದಿಕ್ಕಿನಿಂದ ಅವರ ಕಣ್ಣಿಗೆ ಕಂಡಿದ್ದ ಹಾಗೆ ಇನ್ನೊಂದು, ದೋಷದ ತೀರ ಹತ್ತಿರದಿಂದ ಮತ್ತೊಂದು. ನಡುವಿನದನ್ನು ಬಹಳ ಮಂದಿ ತೆಗೆಯುವುದೇ ಇಲ್ಲ, ಆದರೆ 'ನೋಡಿ ನಡೆಯಬಹುದಿತ್ತಲ್ಲ' ಎಂಬ ವಾದಕ್ಕೆ ಉತ್ತರ ಕೊಡುವುದು ಅದೊಂದೇ.

ಪಾಚಿ ಹಿಡಿದ ಮೆಟ್ಟಿಲನ್ನೇ ತೆಗೆದುಕೊಳ್ಳಿ. ಮೇಲಿನಿಂದ ತೆಗೆದ ಫೋಟೊದಲ್ಲಿ ಪಾಚಿಯು ಬರೀ ಕಪ್ಪು ಕಲೆಯಂತೆ ಕಾಣುತ್ತದೆ. ಫೋನನ್ನು ಮೆಟ್ಟಿಲ ಮಟ್ಟಕ್ಕೆ ಇಳಿಸಿ ಓರೆಯಾಗಿ ತೆಗೆದರೆ ಅದರ ಹಸಿರು ಪದರ, ಮೇಲಿನ ತೇವದ ಹೊಳಪು, ಕಾಲು ಜಾರಿ ಎಳೆದುಕೊಂಡು ಹೋದ ಗೀಟು ಎಲ್ಲವೂ ಕಾಣುತ್ತವೆ. ಆ ಗೀಟಿನ ಪಕ್ಕ ಅಳತೆ ಟೇಪು ಇಟ್ಟು ಇನ್ನೊಂದು ತೆಗೆಯಿರಿ. ಮೆಟ್ಟಿಲುಗಳಾದರೆ ಮೇಲೆ ಕೆಳಗೆ ಮೂರು ನಾಲ್ಕು ಮೆಟ್ಟಿಲುಗಳ ಎತ್ತರ ಮತ್ತು ಅಗಲವನ್ನು ಅಳೆದು ಬರೆದಿಡಿ. ಎಲ್ಲವೂ ಆರು ಇಂಚಿದ್ದು ನೀವು ಎಡವಿದ್ದೊಂದೇ ಎಂಟೂವರೆ ಇಂಚು ಇದ್ದರೆ ಅದಕ್ಕಿಂತ ಬೇರೆ ವಾದ ಬೇಕಿಲ್ಲ. ಕತ್ತಲೆಯಲ್ಲಿ ನಡೆದ ಘಟನೆಯಾದರೆ ಫ್ಲ್ಯಾಶ್ ಇಲ್ಲದೆ ಒಂದು ವಿಡಿಯೊ ಮಾಡಿ, ದೀಪ ಎಲ್ಲಿತ್ತು, ಉರಿಯುತ್ತಿತ್ತೇ, ಜನರೇಟರ್ ಇತ್ತೇ ಎಂಬುದನ್ನು ಅದರಲ್ಲೇ ಮಾತಿನಲ್ಲಿ ಹೇಳಿ.

ಆ ದಿನ ಹಾಕಿದ್ದ ಚಪ್ಪಲಿಯನ್ನು ತೊಳೆಯದೆ ಚೀಲದಲ್ಲಿ ಕಟ್ಟಿಡಿ. ಅಡಿ ಸವೆದ ಚಪ್ಪಲಿಯಿಂದಲೇ ಬಿದ್ದರು ಎಂಬ ಆರೋಪ ಬಹಳ ಸಲ ಬರುತ್ತದೆ.

ಕಣ್ಣಾರೆ ಕಂಡವರ ಹೆಸರು, ಊರು, ಫೋನ್ ನಂಬರ್ ಆಗಲೇ ಬರೆದುಕೊಳ್ಳಬೇಕು. ನಮ್ಮಲ್ಲಿ ಸಾಕ್ಷಿಗಳಲ್ಲಿ ಅನೇಕರು ಪ್ರವಾಸಿಗರು, ನಾಳೆ ಬೆಳಿಗ್ಗೆ ಊರು ಬಿಡುವವರು. ರೆಸಾರ್ಟಿನ ಕೆಲಸದವರೂ ಹೊರ ಜಿಲ್ಲೆ, ಹೊರ ರಾಜ್ಯದವರಾಗಿದ್ದು ಸೀಸನ್ ಮುಗಿದೊಡನೆ ಬೇರೆ ಕಡೆ ಹೋಗಬಹುದು. 'ಇಲ್ಲಿ ಮೊನ್ನೆಯೂ ಒಬ್ಬರು ಬಿದ್ದಿದ್ದರು' ಎಂದು ಯಾರಾದರೂ ಹೇಳಿದರೆ ಅವರ ಹೆಸರನ್ನು ಮೊದಲು ಬರೆದುಕೊಳ್ಳಿ.

ಕೊನೆಯದಾಗಿ ಬಿಲ್. ಊಟದ ಬಿಲ್, ರೂಮಿನ ಬುಕಿಂಗ್, ಪ್ರವೇಶ ಟಿಕೆಟ್, ಯುಪಿಐ ಪಾವತಿಯ ದಾಖಲೆ, ಯಾವುದಾದರೂ ಒಂದು ಬೇಕು. ಗ್ರಾಹಕರ ದೂರುಗಳನ್ನು ವಿಚಾರಿಸುವ ಗ್ರಾಹಕ ಆಯೋಗದ ಬಾಗಿಲು ತೆರೆಯುವುದು ಈ ಚೀಟಿಯಿಂದ.

ಹಂತ 3: ಮಾಲೀಕರಿಗೆ ಬರಹದಲ್ಲಿ ತಿಳಿಸುವುದು

ಸಿಸಿಟಿವಿ ದೃಶ್ಯಗಳು ಕೆಲವು ದಿನಗಳ ಬಳಿಕ ತಾವಾಗಿಯೇ ಅಳಿಸಿಹೋಗಿ ಹೊಸದು ದಾಖಲಾಗುತ್ತದೆ. ಆದ್ದರಿಂದ ಒಂದೆರಡು ದಿನಗಳಲ್ಲೇ ಮಾಲೀಕರಿಗೆ ವಾಟ್ಸ್‌ಆ್ಯಪ್ ಮತ್ತು ಇಮೇಲ್ ಮೂಲಕ, ಜೊತೆಗೆ ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಒಂದು ಪತ್ರ ಕಳಿಸಬೇಕು. ಕಿರಿದಾಗಿರಲಿ, ಸಿಟ್ಟು ಬೇಡ. ಹೀಗಿದ್ದರೆ ಸಾಕು:

'ಮಾನ್ಯರೇ, ಇಂಥ ದಿನಾಂಕ ಸಂಜೆ ಸುಮಾರು ಏಳು ಗಂಟೆಗೆ ತಮ್ಮ ಹೋಟೆಲಿನ ಊಟದ ಕೋಣೆಯಿಂದ ಕೈತೊಳೆಯುವ ಜಾಗಕ್ಕೆ ಹೋಗುವ ಮೆಟ್ಟಿಲಿನಲ್ಲಿ ನಮ್ಮ ತಾಯಿಯವರು ಜಾರಿ ಬಿದ್ದು ಬಲಗೈ ಮೂಳೆ ಮುರಿದಿದೆ. ಅಲ್ಲಿ ನೀರು ನಿಂತಿತ್ತು, ದೀಪ ಇರಲಿಲ್ಲ. ಅಂದು ಸಂಜೆ ಆರರಿಂದ ಎಂಟರವರೆಗಿನ ಎಲ್ಲ ಕ್ಯಾಮೆರಾಗಳ ದೃಶ್ಯಗಳನ್ನು ಅಳಿಸದೆ ಉಳಿಸಿಕೊಂಡು, ಅದರ ಪ್ರತಿಯನ್ನು ನಮಗೆ ಕೊಡಬೇಕಾಗಿ ವಿನಂತಿ. ತಮಗೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇದ್ದಲ್ಲಿ ವಿಮಾ ಕಂಪನಿಗೂ ಈ ವಿಷಯ ತಿಳಿಸಿ.'

ಈ ಪತ್ರ ಕೈಸೇರಿದ ಮೇಲೂ ದೃಶ್ಯ ಅಳಿಸಿಹೋಯಿತೆಂದು ಅವರು ಹೇಳಿದರೆ, ತಮ್ಮ ಬಳಿ ಇದ್ದ ಸಾಕ್ಷ್ಯವನ್ನು ಹಾಜರುಪಡಿಸದವರಿಗೆ ಅದು ಪ್ರತಿಕೂಲವಾಗಿಯೇ ಇದ್ದಿರಬೇಕೆಂದು ಭಾವಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಂ ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ನಿಮ್ಮದೇ ಫೋಟೊ, ವಿಡಿಯೊಗಳನ್ನು ಹಾಜರುಪಡಿಸುವಾಗ ವಿದ್ಯುನ್ಮಾನ ದಾಖಲೆಗಳ ಕುರಿತು ಅದೇ ಅಧಿನಿಯಮದ 63ನೇ ಕಲಂ ಹೇಳುವ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ.

ಜಾಗಕ್ಕೆ ಬಂದವರಿಗಾದ ಗಾಯದ ಪರಿಹಾರವನ್ನು ಭರಿಸುವ ಈ ವಿಮೆಯ ಪ್ರಸ್ತಾಪ ಪರಿಚಯದವರ ನಡುವಿನ ಮುಜುಗರವನ್ನು ಎಷ್ಟೋ ಕಡಿಮೆ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಹಣ ವಿಮಾ ಕಂಪನಿಯಿಂದ ಬರುವುದಾದರೆ ಮಾಲೀಕರಿಗೂ ಸತ್ಯ ಒಪ್ಪಿಕೊಳ್ಳಲು ಹಿಂಜರಿಕೆ ಇರುವುದಿಲ್ಲ.

ಹಂತ 4: ಪೊಲೀಸ್ ದೂರು ಬೇಕೆ

ಎಲ್ಲ ಪ್ರಕರಣಗಳಿಗೂ ಬೇಕಿಲ್ಲ. ದುಡುಕಿನ ಅಥವಾ ನಿರ್ಲಕ್ಷ್ಯದ ಕೃತ್ಯದಿಂದ ಇತರರ ಜೀವಕ್ಕೆ, ಸುರಕ್ಷತೆಗೆ ಅಪಾಯ ತಂದು ಗಾಯವಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಅಪರಾಧ. ಮೂಳೆ ಮುರಿತವು 116ನೇ ಕಲಮಿನ ಪ್ರಕಾರ ತೀವ್ರ ಗಾಯವೆನಿಸುತ್ತದೆ. ಬಾಲ್ಕನಿಯ ಕಂಬಿ ಮುರಿದು ಬಿದ್ದಂಥ ಘೋರ ಪ್ರಕರಣಗಳಲ್ಲಿ ದೂರು ಕೊಡುವುದು ಸರಿ, ಆಗ ಪೊಲೀಸರ ಸ್ಥಳ ಮಹಜರು ಒಳ್ಳೆಯ ದಾಖಲೆಯಾಗುತ್ತದೆ. ಆದರೆ ಪೊಲೀಸ್ ಠಾಣೆ ಪರಿಹಾರ ಕೊಡಿಸುವ ಜಾಗವಲ್ಲ, ಹಣ ವಸೂಲಿಗಾಗಿ ದೂರನ್ನು ಬೆದರಿಕೆಯಂತೆ ಬಳಸುವುದು ತಪ್ಪು.

ಹಂತ 5: ನಷ್ಟದ ಲೆಕ್ಕ

'ಐದು ಲಕ್ಷ ಕೊಡಿಸಿ' ಎಂದು ದುಂಡಗೆ ಕೇಳಿದವರಿಗಿಂತ ಬಾಬ್ತುವಾರು ಲೆಕ್ಕ ಕೊಟ್ಟವರ ಕೋರಿಕೆ ಗಟ್ಟಿಯಾಗಿರುತ್ತದೆ. ಆಸ್ಪತ್ರೆ, ಔಷಧ, ಫಿಸಿಯೋಥೆರಪಿ, ವಾಕರ್ ಇತ್ಯಾದಿಗಳ ಬಿಲ್. ಮೈಸೂರಿಗೆ ಹೋಗಿಬಂದ ಬಾಡಿಗೆ ಕಾರಿನ ರಸೀದಿ. ನೋಡಿಕೊಳ್ಳಲು ಇಟ್ಟವರ ಸಂಬಳ, ಅಥವಾ ಅದಕ್ಕಾಗಿ ರಜೆ ಹಾಕಿದ ಮಗನ ಸಂಬಳ ಕಡಿತ. ಮುಂದೆ ರಾಡ್ ತೆಗೆಸುವ ಶಸ್ತ್ರಚಿಕಿತ್ಸೆ ಬಾಕಿಯಿದ್ದರೆ ಅದರ ಅಂದಾಜು ಖರ್ಚಿನ ಬಗ್ಗೆ ವೈದ್ಯರ ಪತ್ರ. ಇವೆಲ್ಲ ಒಂದು ಕಡತದಲ್ಲಿ ದಿನಾಂಕದ ಕ್ರಮದಲ್ಲಿರಲಿ. ಆರೋಗ್ಯ ವಿಮೆಯವರು ಮೂಲ ಬಿಲ್‌ಗಳನ್ನು ಕೇಳುತ್ತಾರೆ. ಕೊಡುವ ಮೊದಲು ಎಲ್ಲವನ್ನೂ ಪ್ರತಿ ಮಾಡಿಸಿ ಆಸ್ಪತ್ರೆಯಿಂದ ದೃಢೀಕರಿಸಿಕೊಳ್ಳಿ.

ದುಡಿಮೆಯ ನಷ್ಟ ತೋರಿಸುವುದು ಸಂಬಳದವರಿಗೆ ಸುಲಭ, ತೋಟದವರಿಗೆ ಮತ್ತು ಕೂಲಿಯವರಿಗೆ ಕಷ್ಟ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಾಲು ಮುರಿದು ಮಲಗಿದ ಸಣ್ಣ ಬೆಳೆಗಾರರು ತಾವು ಮಾಡುತ್ತಿದ್ದ ಮೇಲ್ವಿಚಾರಣೆಗೆ ಬೇರೆಯವರನ್ನು ಇಟ್ಟಿದ್ದರೆ ಆ ಪಾವತಿಯ ದಾಖಲೆ, ತೋಟದ ಪಹಣಿ, ಹಿಂದಿನ ವರ್ಷಗಳಲ್ಲಿ ಕಾಫಿ, ಮೆಣಸು ಮಾರಿದ ರಸೀದಿಗಳು ಮತ್ತು ಬ್ಯಾಂಕ್ ಪುಸ್ತಕ, ಇವನ್ನು ಒಟ್ಟಿಗೆ ಇಡಬೇಕು. ಕೂಲಿ ಕಾರ್ಮಿಕರಾದರೆ ತೋಟದ ಹಾಜರಿ ಪುಸ್ತಕದ ಪ್ರತಿ, ಇಲ್ಲವೇ ತೋಟದ ಲೆಕ್ಕ ಬರೆಯುವ ರೈಟರ್ ಕೊಟ್ಟ ಸಹಿ ಮಾಡಿದ ಪತ್ರ ಉಪಯೋಗಕ್ಕೆ ಬರುತ್ತದೆ.

ಶಾಶ್ವತ ಊನ ಉಳಿದರೆ ಲೆಕ್ಕ ಬೇರೆಯಾಗುತ್ತದೆ. ಚಿಕಿತ್ಸೆ ಪೂರ್ಣವಾಗಿ ಮುಗಿದ ಮೇಲೆ ಮೂಳೆ ತಜ್ಞರಿಂದ ಊನದ ಪ್ರಮಾಣಪತ್ರ ಪಡೆಯಬೇಕು. ಅದರಲ್ಲಿರುವ ಶೇಕಡಾವಾರು ಒಂದೇ ಕೊನೆಯ ಮಾತಲ್ಲ: ಆ ಊನದಿಂದ ಗಾಯಾಳುವಿನ ದುಡಿಯುವ ಶಕ್ತಿ ಎಷ್ಟು ಕುಗ್ಗಿತು ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮಣಿಗಂಟು ಪೂರ್ತಿ ಬಾಗದಿದ್ದರೆ ಮೇಜಿನ ಕೆಲಸದವರು ಹೇಗೋ ನಿಭಾಯಿಸಿಯಾರು, ಮರ ಹತ್ತಿ ಮೆಣಸು ಕೊಯ್ಯುವವರ ಕೆಲಸವೇ ಹೋಯಿತು. ವಾಹನ ಅಪಘಾತದ ಪ್ರಕರಣಗಳಿಗಾಗಿ 2009ರ ಸರಳಾ ವರ್ಮಾ ತೀರ್ಪು ನಿಗದಿಪಡಿಸಿದ ವಯಸ್ಸಿನ ಗುಣಕವನ್ನು, ಅಂದರೆ ವರ್ಷದ ದುಡಿಮೆಯನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆಯನ್ನು, ಇಲ್ಲಿ ವಾದಕ್ಕೆ ಆಧಾರವಾಗಿ ಇಡಬಹುದು. 41ರಿಂದ 45ರ ವಯಸ್ಸಿಗೆ ಗುಣಕ 14. ತಿಂಗಳಿಗೆ 15,000 ರೂಪಾಯಿ ದುಡಿಯುವವರ ಶಕ್ತಿ ಶೇ 20 ಕುಗ್ಗಿದ್ದರೆ, ವರ್ಷದ 1,80,000ವನ್ನು 14ರಿಂದ ಗುಣಿಸಿ, ಅದರ ಶೇ 20 ತೆಗೆದರೆ 5,04,000 ರೂಪಾಯಿ ಬರುತ್ತದೆ. ನೋವು, ಮಾನಸಿಕ ಯಾತನೆ ಮತ್ತು ಬದುಕಿನ ಸುಖದ ನಷ್ಟ ಇದಕ್ಕೆ ಸೇರುತ್ತವೆ.

ಹಂತ 6: ಯಾರ ಮೇಲೆ ದೂರು

ಫಲಕದಲ್ಲಿರುವ ಹೆಸರೇ ಮಾಲೀಕರ ಹೆಸರಾಗಿರಬೇಕೆಂದಿಲ್ಲ. ಕಟ್ಟಡ ಒಬ್ಬರದು, ಲೀಸ್ ಇನ್ನೊಬ್ಬರದು, ನಡೆಸುವವರು ಮತ್ತೊಬ್ಬರು ಆಗಿರುವುದು ಹೋಂಸ್ಟೇಗಳಲ್ಲಿ ಮಾಮೂಲು. ವ್ಯಾಪಾರ ಪರವಾನಗಿ ಯಾರ ಹೆಸರಿನಲ್ಲಿದೆ ಎಂಬುದನ್ನು ಗ್ರಾಮ ಪಂಚಾಯಿತಿ ಅಥವಾ ನಗರಸಭೆಯಿಂದ, ಹೋಂಸ್ಟೇ ನೋಂದಣಿಯ ವಿವರವನ್ನು ಪ್ರವಾಸೋದ್ಯಮ ಇಲಾಖೆಯಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಡೆಯಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ನಡೆಸುವವರು ಮತ್ತು ಕಟ್ಟಡದ ಒಡೆಯರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು ಕ್ಷೇಮ.

ರಾಜಾಸೀಟ್ ಉದ್ಯಾನದಂಥ ಸರ್ಕಾರದ ಸುಪರ್ದಿಯ ಜಾಗದಲ್ಲಿ ಬಿದ್ದರೆ, ಸಿವಿಲ್ ದಾವೆಗೆ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ಎರಡು ತಿಂಗಳ ನೋಟಿಸ್ ಕೊಡಬೇಕು. ಬಿದ್ದವರು ಅಲ್ಲಿನ ಕೆಲಸಗಾರರೇ ಆಗಿದ್ದರೆ ಕಾರ್ಮಿಕರ ಪರಿಹಾರದ ದಾರಿ ಬೇರೆಯೇ ಇದೆ, ಅದಕ್ಕೆ ಕಾರ್ಮಿಕ ಇಲಾಖೆಯನ್ನು ಕಾಣಬೇಕು.

ಹಂತ 7: ನೋಟಿಸ್, ಮಾತುಕತೆ, ರಾಜಿ

ಗ್ರಾಹಕ ದೂರಿಗೆ ವಕೀಲರ ನೋಟಿಸ್ ಕಡ್ಡಾಯವಲ್ಲ, ಆದರೂ ಕೊಡುವುದು ಒಳ್ಳೆಯದು. ಲೆಕ್ಕದ ಪಟ್ಟಿ ಲಗತ್ತಿಸಿ, ಉತ್ತರಕ್ಕೆ 15 ದಿನ ಕೊಡಿ.

ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಬಂದು 20,000 ರೂಪಾಯಿ ಕೈಗಿತ್ತು, 'ಇನ್ನು ಯಾವ ತಕರಾರೂ ಇಲ್ಲ' ಎಂಬ ಕಾಗದಕ್ಕೆ ಸಹಿ ಕೇಳುವವರಿದ್ದಾರೆ. ಹಣ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ; 'ಚಿಕಿತ್ಸೆಯ ಖರ್ಚಿಗೆ ಮುಂಗಡವಾಗಿ, ನನ್ನ ಹಕ್ಕಿಗೆ ಬಾಧೆಯಿಲ್ಲದೆ ಪಡೆದಿದ್ದೇನೆ' ಎಂದು ಬರೆದು ಸಹಿ ಮಾಡಿ. 'ಪೂರ್ಣ ಮತ್ತು ಅಂತಿಮ' ಎಂಬ ಪದಗಳಿರುವ ಕಾಗದಕ್ಕೆ ಚಿಕಿತ್ಸೆ ಮುಗಿಯುವ ಮೊದಲು ಸಹಿ ಹಾಕಲೇಬೇಡಿ, ಏಕೆಂದರೆ ಮುರಿದ ಮೂಳೆ ಸರಿಯಾಗಿ ಕೂಡಿತೇ ಎಂಬುದು ಆ ಹೊತ್ತಿಗೆ ವೈದ್ಯರಿಗೂ ಗೊತ್ತಿರುವುದಿಲ್ಲ.

ಎರಡೂ ಕಡೆಯವರಿಗೆ ಮನಸ್ಸಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಊರವರ ಮುಂದೆ ಬಾಯಿಮಾತಿನಲ್ಲಿ ಆದ ರಾಜಿಗಿಂತ ಇದು ಎಷ್ಟೋ ಮೇಲು: ಅಲ್ಲಿಯ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಪ್ರಾಧಿಕಾರವು ಉಚಿತ ವಕೀಲರನ್ನೂ ಕೊಡುತ್ತದೆ. ಸಹಾಯವಾಣಿ 15100.

ಹಂತ 8: ಗ್ರಾಹಕ ಆಯೋಗವೋ ಸಿವಿಲ್ ನ್ಯಾಯಾಲಯವೋ

ಹಣ ಕೊಟ್ಟು ಸೇವೆ ಪಡೆದವರಿಗೆ ನನ್ನ ಸಲಹೆ ಗ್ರಾಹಕ ಆಯೋಗವೇ. ಸೇವೆಗೆ ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ, ಆ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಊಟದ ಅಥವಾ ರೂಮಿನ ಹಣ, ಕೇಳುವ ಪರಿಹಾರದ ಮೊತ್ತವಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು, ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೈಸೂರಿನ ಮಾಲ್ ಒಂದರಲ್ಲಿ ಬಿದ್ದ ಗೋಣಿಕೊಪ್ಪದವರು ಮಡಿಕೇರಿಯಲ್ಲಿರುವ ಕೊಡಗು ಜಿಲ್ಲಾ ಆಯೋಗಕ್ಕೆ ಬರಬಹುದು. ಕೊಡಗಿನ ರೆಸಾರ್ಟಿನಲ್ಲಿ ಬಿದ್ದ ಬೆಂಗಳೂರಿನವರು ಬೆಂಗಳೂರಿನಲ್ಲೇ ದೂರು ಕೊಡಬಹುದು.

ಬಿಲ್ ಕೊಟ್ಟವರು ಮಗ, ಬಿದ್ದವರು ತಾಯಿ ಎಂದಾದರೂ ಚಿಂತೆಯಿಲ್ಲ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆಯ ಪ್ರಯೋಜನ ಪಡೆದವರೂ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರು. ಮಂಟಪವನ್ನು ಬಾಡಿಗೆಗೆ ಹಿಡಿದವರ ಮದುವೆಗೆ ಬಂದ ಅತಿಥಿಗಳ ಪರವಾಗಿಯೂ ಇದೇ ವಾದ ಹೂಡಬಹುದು. ಏನನ್ನೂ ಕೊಳ್ಳದೆ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಬಿದ್ದವರಿಗೆ ಮಾತ್ರ ಸಿವಿಲ್ ದಾವೆಯೇ ಸುರಕ್ಷಿತ. ಅಲ್ಲಿ ಕೇಳುವ ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕವಿದೆ, ಸಮಯವೂ ಹೆಚ್ಚು ಹಿಡಿಯುತ್ತದೆ. ಆದರೆ ಸಾಕ್ಷಿಗಳ ವಿಸ್ತಾರವಾದ ಪಾಟೀಸವಾಲು ಬೇಕಾಗುವ ಜಟಿಲ ಪ್ರಕರಣಗಳಿಗೆ ಅದೇ ತಕ್ಕ ಜಾಗ.

ಗಡುವು ಮರೆಯಬಾರದು. ಗ್ರಾಹಕ ದೂರಿಗೆ ಘಟನೆಯಿಂದ 2 ವರ್ಷ. ಗಾಯದ ಪರಿಹಾರದ ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ. ಸಾವು ಸಂಭವಿಸಿದ್ದರೆ ಮಾರಕ ಅಪಘಾತಗಳ ಕಾಯ್ದೆಯಡಿ ಕುಟುಂಬದವರ ದಾವೆಗೆ 2 ವರ್ಷ. ಮಾಲೀಕರು 'ನೋಡೋಣ, ಕೊಡೋಣ' ಎನ್ನುತ್ತಲೇ ದಿನ ದೂಡಿದರೂ ಗಡುವು ನಿಲ್ಲುವುದಿಲ್ಲ.

ದೂರಿನೊಂದಿಗೆ ಘಟನೆಯ ವಿವರ, ಅಫಿಡವಿಟ್, ಬಿಲ್, ವೈದ್ಯಕೀಯ ದಾಖಲೆ, ಫೋಟೊ, ನೋಟಿಸ್ ಪ್ರತಿ ಮತ್ತು ಲೆಕ್ಕದ ಪಟ್ಟಿ ಇರಬೇಕು. ದೂರು ಅಂಗೀಕಾರವಾಗಿ ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಮತ್ತೆ 15 ದಿನ ಸಿಗುತ್ತದೆ. ಆ 45 ದಿನ ಮೀರಿದರೆ ಉತ್ತರ ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ವಕೀಲರನ್ನು ನೇಮಿಸಿಕೊಂಡರೆ ಶುಲ್ಕವನ್ನು ಮೊದಲೇ ಮಾತಾಡಿ. ಬರುವ ಪರಿಹಾರದಲ್ಲಿ ಪಾಲು ಪಡೆಯುವ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ, ಹಾಗೆ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಹಂತ 9: ಆದೇಶ ಬಂದ ಮೇಲೆ

ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಣ ಕೊಡಬೇಕಾದವರು ಮೇಲ್ಮನವಿ ಹಾಕುವುದಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಅದೇ ಆಯೋಗದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಕಲಮಿನಡಿ ಅಮಲ್ಜಾರಿ ಅರ್ಜಿ (ಆದೇಶ ಜಾರಿಗೆ ಕೋರುವ ಅರ್ಜಿ) ಹಾಕಿ ಆಸ್ತಿ ಜಪ್ತಿಯ ಮೂಲಕ ವಸೂಲಿ ಮಾಡಿಸಬಹುದು. 72ನೇ ಕಲಮಿನಡಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಜೈಲು, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಈ ಅರ್ಜಿ ಹಾಕುವಾಗ ಆದೇಶದ ದೃಢೀಕೃತ ಪ್ರತಿ ಮತ್ತು ಬಡ್ಡಿ ಸೇರಿಸಿದ ಬಾಕಿಯ ಪಟ್ಟಿ ಜೊತೆಗಿರಲಿ. ಎದುರುದಾರರ ಹೆಸರಿನಲ್ಲಿರುವ ಆಸ್ತಿಯ ಪಹಣಿ ಅಥವಾ ಖಾತೆಯ ವಿವರವನ್ನೂ ಸಂಗ್ರಹಿಸಿ ಲಗತ್ತಿಸಿದರೆ ವಸೂಲಿಗೆ ತಡವಾಗುವುದಿಲ್ಲ.